ಬೇಸಿಗೆಯ ವೈನ್‌ಗಳನ್ನು ನಾನು ಆರಿಸುವ ಬಗೆ

ನಾನು ಕೆಲಸ ಮಾಡುವ ವೈನ್ ಅಂಗಡಿಯಲ್ಲಿ ಬೇಸಿಗೆಯ ಕಪಾಟಿಗೆ ಯಾವ ಬಾಟಲಿಗಳು ಬರಬೇಕೆಂದು ನಿರ್ಧರಿಸುವ ಹೊಣೆ ನನ್ನದು. ಬಿಸಿಲು ಏರುವ ಮೊದಲೇ ಪೂರೈಕೆದಾರರು ತರುವ ಮಾದರಿ ಬಾಟಲಿಗಳನ್ನು ನಾನು ಎರಡು ಸಲ ರುಚಿ ನೋಡುತ್ತೇನೆ. ಮೊದಲನೆಯದು ಫ್ರಿಜ್ಜಿನಿಂದ ತೆಗೆದ ಕೂಡಲೇ. ಎರಡನೆಯದು ಅದೇ ಗ್ಲಾಸನ್ನು ಮೇಜಿನ ಮೇಲೆ ಬಿಟ್ಟು, ಅದು ಕೋಣೆಯ ಬಿಸಿಗೆ ಹತ್ತಿರವಾದ ಮೇಲೆ. ನನ್ನ ಆಯ್ಕೆ ನಿಂತಿರುವುದು ಈ ಎರಡನೆಯ ಗುಟುಕಿನ ಮೇಲೆ. ಬಾಯಾರಿದವರಿಗೆ ಚೆನ್ನಾಗಿ ತಣಿದ ಯಾವ ವೈನ್ ಆದರೂ ಹಿತವಾಗಿಯೇ ಇರುತ್ತದೆ. ತಂಪು ಸಿಹಿಯನ್ನು ತಗ್ಗಿಸುತ್ತದೆ, ಮದ್ಯಸಾರದ ಉರಿಯನ್ನು ಮರೆಸುತ್ತದೆ, ಪರಿಮಳದ ಬಡತನವನ್ನೂ ಮುಚ್ಚಿಹಾಕುತ್ತದೆ. ಆದರೆ ಬೇಸಿಗೆಯ ಮಧ್ಯಾಹ್ನ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುರಿದ ವೈನ್, ಕುಳಿತವರ ಮಾತು ಕುದುರುವಷ್ಟರಲ್ಲಿ 15 ಡಿಗ್ರಿಯನ್ನು ದಾಟಿರುತ್ತದೆ. ಆ ಹೊತ್ತಿಗೂ ಗ್ಲಾಸನ್ನು ಮತ್ತೆ ಕೈಗೆತ್ತಿಕೊಳ್ಳಬೇಕೆನಿಸಿದರೆ ಮಾತ್ರ ನಾನು ಅದನ್ನು ಬೇಸಿಗೆಯ ವೈನ್ ಎಂದು ಒಪ್ಪುತ್ತೇನೆ.

ಬೆಚ್ಚಗಾದ ಮೇಲೂ ವೈನನ್ನು ಚುರುಕಾಗಿ ಉಳಿಸುವುದು ಹುಳಿ. ಹುಳಿ ನಾಲಿಗೆಗೆ ತಗುಲಿದಾಗ ಬಾಯಲ್ಲಿ ನೀರೂರುತ್ತದೆ, ಬಾಯಾರಿಕೆ ತಣಿದಂತೆ ಅನಿಸುವುದಕ್ಕೆ ಅದೇ ಕಾರಣ. ದ್ರಾಕ್ಷಿಯಲ್ಲಿ ಮುಖ್ಯವಾಗಿ ಇರುವುದು ಟಾರ್ಟಾರಿಕ್ ಮತ್ತು ಮ್ಯಾಲಿಕ್ ಎಂಬ ಎರಡು ಆಮ್ಲಗಳು. ಹಣ್ಣು ಮಾಗುವಾಗ ಮ್ಯಾಲಿಕ್ ಆಮ್ಲ ಅದರ ಉಸಿರಾಟಕ್ಕೆ ಖರ್ಚಾಗುತ್ತಾ ಹೋಗುತ್ತದೆ, ಹವೆ ಬಿಸಿಯಾದಷ್ಟೂ ಈ ಖರ್ಚು ಹೆಚ್ಚು. ಆದ್ದರಿಂದ ಕಡಲಿನ ಗಾಳಿ ಬೀಸುವ, ಎತ್ತರದಲ್ಲಿರುವ ಅಥವಾ ರಾತ್ರಿ ಚೆನ್ನಾಗಿ ತಣಿಯುವ ತೋಟಗಳ ವೈನ್‌ಗಳಲ್ಲಿ ಹುಳಿ ಹೆಚ್ಚಾಗಿ ಉಳಿದಿರುತ್ತದೆ. ಇದರ ಜೊತೆಗೆ ತಯಾರಕರ ಒಂದು ತೀರ್ಮಾನವೂ ಇದೆ. ಹುದುಗುವಿಕೆ ಮುಗಿದ ಮೇಲೆ ಕೆಲವು ಬ್ಯಾಕ್ಟೀರಿಯಾಗಳು ಮ್ಯಾಲಿಕ್ ಆಮ್ಲವನ್ನು ಹೆಚ್ಚು ಮೃದುವಾದ ಲ್ಯಾಕ್ಟಿಕ್ ಆಮ್ಲವಾಗಿ ಬದಲಿಸುತ್ತವೆ. ಶಾರ್ಡೊನೆ ದ್ರಾಕ್ಷಿಯ ಕೆಲವು ಬಿಳಿ ವೈನ್‌ಗಳಲ್ಲಿ ಸಿಗುವ ಬೆಣ್ಣೆಯ ಪರಿಮಳ ಈ ಹಂತದ್ದು. ಚುರುಕು ಬೇಕೆನ್ನುವ ತಯಾರಕರು ಈ ಬದಲಾವಣೆಯನ್ನು ತಡೆಯುತ್ತಾರೆ, ಪೀಪಾಯಿಯನ್ನು ಬಿಟ್ಟು ಉಕ್ಕಿನ ತೊಟ್ಟಿಯನ್ನು ಬಳಸುತ್ತಾರೆ. ಮಾದರಿ ಬಾಟಲಿಯೊಂದಿಗೆ ಬರುವ ವಿವರಗಳಲ್ಲಿ ನಾನು ಮೊದಲು ಹುಡುಕುವುದು ಈ ಎರಡು ಸಂಗತಿಗಳನ್ನೇ.

ನನ್ನ ಕಪಾಟಿನ ಮೊದಲ ಸಾಲು ಅಟ್ಲಾಂಟಿಕ್ ಕರಾವಳಿಗೆ ಸೇರಿದ್ದು. ಪೋರ್ಚುಗಲ್ಲಿನ ವಾಯವ್ಯ ಮೂಲೆಯ ವಿನ್ಯೋ ವೆರ್ದೆ ಹಗುರವಾದ ವೈನ್. ಅದರ ಸಾಧಾರಣ ಬಾಟಲಿಗಳಲ್ಲಿ ಮದ್ಯಸಾರ ಶೇಕಡಾ 9ರಿಂದ 11ರ ಆಸುಪಾಸಿನಲ್ಲಿರುತ್ತದೆ. ನಾಲಿಗೆಯ ಮೇಲೆ ಸಣ್ಣಗೆ ಚುಚ್ಚುವ ಅದರ ಗುಳ್ಳೆಗಳನ್ನು ಇಂದು ಅನೇಕ ತಯಾರಕರು ಬಾಟಲಿ ತುಂಬುವಾಗ ಇಂಗಾಲದ ಡೈಆಕ್ಸೈಡ್ ಸೇರಿಸಿ ಪಡೆಯುತ್ತಾರೆ. ಇದನ್ನು ನಾನು ದೋಷವೆಂದು ಎಣಿಸುವುದಿಲ್ಲ, ಆದರೆ ಗುಳ್ಳೆ ಆರಿದ ಮೇಲೆ ಉಳಿಯುವುದೇನು ಎಂಬುದನ್ನು ಕಡ್ಡಾಯವಾಗಿ ನೋಡುತ್ತೇನೆ. ಲೊರೇರೊ ದ್ರಾಕ್ಷಿಯಿಂದ ಮಾಡಿದ ಒಳ್ಳೆಯ ಬಾಟಲಿಯಲ್ಲಿ ಹೂವಿನ ಪರಿಮಳವೂ ನಿಂಬೆಯ ಹುಳಿಯೂ ಉಳಿಯುತ್ತವೆ, ಅಗ್ಗಕ್ಕೆಂದೇ ಮಾಡಿದ್ದರಲ್ಲಿ ಸಕ್ಕರೆ ನೀರಿನ ನೆನಪಷ್ಟೇ ಉಳಿಯುತ್ತದೆ. ಗಡಿಯಾಚೆ, ಸ್ಪೇನಿನ ಗಲೀಸಿಯಾದಲ್ಲಿರುವ ರಿಯಾಸ್ ಬೈಶಾಸ್ ಪ್ರದೇಶದ ಅಲ್ಬಾರಿನ್ಯೋ ಇದಕ್ಕಿಂತ ತುಂಬಿದ ವೈನ್. ಅಲ್ಲಿ ಮಳೆ, ತೇವ ಎರಡೂ ಹೆಚ್ಚಾದ್ದರಿಂದ ಕಲ್ಲುಕಂಬಗಳ ಮೇಲಿನ ಚಪ್ಪರಕ್ಕೆ ಬಳ್ಳಿಯನ್ನು ಹಬ್ಬಿಸುತ್ತಾರೆ; ಗಾಳಿ ಕೆಳಗಿನಿಂದ ಆಡಿ ಗೊಂಚಲು ಒಣಗಿರುತ್ತದೆ, ಕೊಳೆಯುವುದು ತಪ್ಪುತ್ತದೆ. ಪೀಚ್ ಹಣ್ಣಿನ ಪರಿಮಳದ ಹಿಂದೆಯೇ ಬರುವ ಉಪ್ಪಿನಂಥ ಕೊನೆ ಈ ವೈನಿನ ಗುರುತು.

ಇದೇ ಸಾಲಿನಲ್ಲಿ ನಾನು ಅತಿ ಹೆಚ್ಚು ಪ್ರೀತಿಯಿಂದ ಇಡುವ ಬಾಟಲಿ ಫ್ರಾನ್ಸಿನ ಲ್ವಾರ್ ನದಿ ಕಡಲು ಸೇರುವ ಸೀಮೆಯ ಮುಸ್ಕಾದೆ. ಗ್ರಾಹಕರು ಅದನ್ನು ಕೇಳಿ ಪಡೆಯುವುದು ಅಪರೂಪ. ಮೆಲೋನ್ ದ ಬುರ್ಗೋನ್ಯ್ ಎಂಬ ಅದರ ದ್ರಾಕ್ಷಿಗೆ ತನ್ನದೆಂದು ಹೇಳಿಕೊಳ್ಳುವಂಥ ಜೋರಾದ ಪರಿಮಳವಿಲ್ಲ, ಆದ್ದರಿಂದ ಮೂಗಿನಿಂದ ಅಳೆಯುವವರು ಅದನ್ನು ಸಪ್ಪೆಯೆಂದು ತಳ್ಳಿಬಿಡುತ್ತಾರೆ. ಒಳ್ಳೆಯ ತಯಾರಕರು ಈ ವೈನನ್ನು ಹುದುಗುವಿಕೆಯ ನಂತರ ತಳದಲ್ಲಿ ಕೂರುವ ಯೀಸ್ಟಿನ ಮಡ್ಡಿಯ ಮೇಲೆಯೇ ಚಳಿಗಾಲವಿಡೀ ಬಿಟ್ಟು, ಬೇರೆ ಪಾತ್ರೆಗೆ ಬಗ್ಗಿಸದೆ ನೇರವಾಗಿ ಬಾಟಲಿಗೆ ತುಂಬುತ್ತಾರೆ; ಲೇಬಲ್ಲಿನ ಮೇಲೆ ಸುರ್ ಲೀ ಎಂದು ಬರೆದಿರುವುದು ಇದನ್ನೇ ಸೂಚಿಸುತ್ತದೆ. ಮಡ್ಡಿ ಬಾಯಿಗೆ ಕೊಡುವ ಸಣ್ಣ ತುಂಬುತನ, ಒದ್ದೆ ಕಲ್ಲಿನ ವಾಸನೆ, ನಾಲಿಗೆಯ ಬದಿಗಳನ್ನು ಹಿಡಿದುಕೊಳ್ಳುವ ಹುಳಿ, ಇವು ಮೂರೂ ವೈನ್ ಬೆಚ್ಚಗಾದಂತೆ ಕುಂದುವುದರ ಬದಲು ಇನ್ನಷ್ಟು ಸ್ಪಷ್ಟವಾಗುತ್ತವೆ. ಮೇಜಿನ ಮೇಲೆ ಬಿಟ್ಟ ಗ್ಲಾಸುಗಳಲ್ಲಿ ಪ್ರತಿ ವರ್ಷವೂ ನಾನು ಕೊನೆಗೆ ಹಿಂದಿರುಗುವುದು ಈ ಗ್ಲಾಸಿಗೆ.

ತಂಪು ಸೀಮೆಯಿಂದ ಮಾತ್ರ ಚುರುಕಾದ ವೈನ್ ಬರುತ್ತದೆ ಎಂದು ಮೇಲಿನ ಮಾತಿನಿಂದ ಯಾರೂ ತಿಳಿಯಬಾರದು. ಗ್ರೀಸಿನ ಸಾಂತೋರಿನಿ ದ್ವೀಪದಲ್ಲಿ ಮಳೆ ಬಹಳ ಕಡಿಮೆ, ಬಿಸಿಲು ಬಿರುಸು, ಗಾಳಿ ಅದಕ್ಕಿಂತ ಬಿರುಸು. ಅಲ್ಲಿನ ರೈತರು ಬಳ್ಳಿಯನ್ನು ನೆಲಕ್ಕೆ ತಗುಲಿದಂತೆ ಬುಟ್ಟಿಯ ಆಕಾರದಲ್ಲಿ ಸುತ್ತಿ ಬೆಳೆಸುತ್ತಾರೆ, ಗೊಂಚಲುಗಳು ಆ ಬುಟ್ಟಿಯೊಳಗೆ ಗಾಳಿಯಿಂದ ಮರೆಯಾಗಿ ಮಾಗುತ್ತವೆ. ಆ ಜ್ವಾಲಾಮುಖಿ ಮಣ್ಣಿನ ಅಸಿರ್ತಿಕೋ ದ್ರಾಕ್ಷಿ ಅಷ್ಟು ಬಿಸಿಯಲ್ಲಿಯೂ ಹುಳಿಯನ್ನು ಬಿಟ್ಟುಕೊಡುವುದಿಲ್ಲ. ಮದ್ಯಸಾರ ಶೇಕಡಾ 13ನ್ನು ದಾಟುವುದರಿಂದ ಇದನ್ನು ಬಿಸಿಲಿನಲ್ಲಿ ಕುಳಿತು ಕುಡಿಯಲು ನಾನು ಸೂಚಿಸುವುದಿಲ್ಲ. ಸಂಜೆ, ಊಟದೊಂದಿಗೆ ಎಂದು ಹೇಳಿ ಕೊಡುತ್ತೇನೆ.

ಗ್ರಾಹಕರೊಂದಿಗೆ ನನಗೆ ಹೆಚ್ಚು ಮಾತು ಬೇಕಾಗುವುದು ಸಿಹಿಯ ವಿಷಯದಲ್ಲಿ. ಬಂದವರಲ್ಲಿ ಹಲವರು ಬಾಯಿ ತೆರೆಯುತ್ತಲೇ ‘ಸಿಹಿ ಬೇಡ’ ಎನ್ನುತ್ತಾರೆ. ಅವರ ಮಾತನ್ನು ಗೌರವಿಸುತ್ತಲೇ, ಜರ್ಮನಿಯ ಮೋಸೆಲ್ ಕಣಿವೆಯ ಕಾಬಿನೆಟ್ ದರ್ಜೆಯ ರೀಸ್ಲಿಂಗ್ ಒಂದನ್ನು ರುಚಿ ನೋಡಿ ತೀರ್ಮಾನಿಸಿ ಎಂದು ಕೇಳಿಕೊಳ್ಳುತ್ತೇನೆ. ಕಡಿದಾದ ಸ್ಲೇಟ್ ಕಲ್ಲಿನ ಇಳಿಜಾರುಗಳಲ್ಲಿ ಬೆಳೆದ ಈ ದ್ರಾಕ್ಷಿಯ ಹುದುಗುವಿಕೆಯನ್ನು ಸಾಂಪ್ರದಾಯಿಕ ಶೈಲಿಯಲ್ಲಿ ಮಧ್ಯದಲ್ಲೇ ನಿಲ್ಲಿಸುತ್ತಾರೆ. ಹಾಗಾಗಿ ಮದ್ಯಸಾರ ಶೇಕಡಾ 8ರ ಸುಮಾರಿನಲ್ಲಿ ನಿಂತು, ಹಣ್ಣಿನ ಸಕ್ಕರೆ ಒಂದಿಷ್ಟು ಉಳಿಯುತ್ತದೆ. ಒಳ್ಳೆಯ ನಿಂಬೆ ಶರಬತ್ತಿನಲ್ಲಿ ಸಕ್ಕರೆ ಇದ್ದೂ ಅದು ಅಂಟುಅಂಟಾಗಿ ಅನಿಸದಂತೆ, ಇಲ್ಲಿಯೂ ಹುಳಿ ಸಿಹಿಯನ್ನು ಹಿಡಿದು ನಿಲ್ಲಿಸುತ್ತದೆ. ಅಷ್ಟು ಹುಳಿಯಿಲ್ಲದ ವೈನಿನಲ್ಲಿ ಅದೇ ಪ್ರಮಾಣದ ಸಕ್ಕರೆ ಇದ್ದರೆ ಎರಡನೆಯ ಗ್ಲಾಸು ಕಷ್ಟ. ಇಟಲಿಯ ಮೊಸ್ಕಾತೊ ದಾಸ್ತಿ ಇನ್ನೂ ಹಗುರ, ಶೇಕಡಾ 5ರ ಆಸುಪಾಸು; ಅದು ನಿಜವಾಗಿಯೂ ಸಿಹಿಯಾದ ವೈನ್, ಆದ್ದರಿಂದ ಹಣ್ಣಿನ ಜೊತೆಗೆ ಸಣ್ಣ ಗ್ಲಾಸಿನಲ್ಲಿ ಎಂದು ಹೇಳುತ್ತೇನೆ. ಇಟಲಿಯದೇ ಆದ ಗುಳ್ಳೆಯ ವೈನ್ ಪ್ರೊಸೆಕ್ಕೊ ಕೊಳ್ಳುವವರಿಗೆ ಲೇಬಲ್ಲನ್ನು ತೋರಿಸಿಯೇ ಕೊಡುವುದು ನನ್ನ ರೂಢಿ: ಬ್ರೂಟ್ ಎಂದು ಬರೆದಿದ್ದರೆ ಲೀಟರಿಗೆ 12 ಗ್ರಾಂ ಒಳಗಿನ ಸಕ್ಕರೆ, ಎಕ್ಸ್‌ಟ್ರಾ ಡ್ರೈ ಎಂದಿದ್ದರೆ 12ರಿಂದ 17 ಗ್ರಾಂ. ವೈನಿನ ಮಾತಿನಲ್ಲಿ ಡ್ರೈ ಎಂದರೆ ಸಿಹಿಯಿಲ್ಲದ್ದು; ಆ ಹೆಸರನ್ನು ನಂಬಿ ಎರಡನೆಯದನ್ನು ಒಯ್ದವರಿಗೆ ನಿರಾಸೆಯಾಗುವುದು ಸಹಜ.

ಗುಲಾಬಿ ಬಣ್ಣದ ವೈನಾದ ರೋಸೆಯ ಬಣ್ಣ ತಿಳಿಯಾದಷ್ಟೂ ಉತ್ತಮ ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಬಣ್ಣ ಬರುವುದು ದ್ರಾಕ್ಷಿಯ ಸಿಪ್ಪೆಯಿಂದ. ಫ್ರಾನ್ಸಿನ ಪ್ರೊವಾನ್ಸ್‌ನಲ್ಲಿ ಸಿಪ್ಪೆ ಹೆಚ್ಚು ಹೊತ್ತು ರಸದೊಂದಿಗೆ ಇರದಂತೆ ಬೇಗ ಹಿಂಡಿಬಿಡುವುದರಿಂದ ಅಲ್ಲಿನ ರೋಸೆ ಅಷ್ಟು ತಿಳಿ. ಅದೇ ದೇಶದ ರೋನ್ ಕಣಿವೆಯ ತಾವೆಲ್‌ನಲ್ಲಿ ರೋಸೆಯ ಹೊರತು ಬೇರೆ ವೈನಿಗೆ ಆ ಊರಿನ ಹೆಸರನ್ನು ಇಡುವಂತಿಲ್ಲ, ಅದರ ಬಣ್ಣ ಗಾಢ, ಆದರೂ ಅದು ಸಿಹಿಯಲ್ಲ. ಊಟದ ಜೊತೆಗೆ ಒಂದೇ ಬಾಟಲಿ ಸಾಕೆನ್ನುವವರಿಗೆ ನಾನು ಕೊಡುವುದು ಈ ಗಾಢ ಬಣ್ಣದ್ದನ್ನೇ. ಬಣ್ಣಕ್ಕಿಂತ ಮುಖ್ಯವಾಗಿ ನೋಡಬೇಕಾದದ್ದು ಬಾಟಲಿಯ ಗಾಜು. ರೋಸೆಯ ಚೆಲುವು ಕಾಣಲೆಂದು ಅದನ್ನು ಬಣ್ಣವಿಲ್ಲದ ಗಾಜಿನಲ್ಲಿ ತುಂಬುತ್ತಾರೆ, ಆ ಗಾಜು ಬೆಳಕನ್ನು ತಡೆಯುವುದಿಲ್ಲ. ಬೆಳಕು ತಗುಲಿದಾಗ ವೈನಿನಲ್ಲಿರುವ ರೈಬೊಫ್ಲೇವಿನ್ ಎಂಬ ವಿಟಮಿನ್, ಮೆಥಿಯೊನಿನ್ ಎಂಬ ಅಮೈನೊ ಆಮ್ಲವನ್ನು ಒಡೆಯುವ ಕ್ರಿಯೆಗೆ ಚಾಲನೆ ಕೊಡುತ್ತದೆ. ಅದರಿಂದ ಹುಟ್ಟುವ ಗಂಧಕದ ಸಂಯುಕ್ತಗಳಿಗೆ ಬೆಂದ ಎಲೆಕೋಸಿನ ವಾಸನೆ. ಹಣ್ಣಿನ ಪರಿಮಳ ಪೂರ್ತಿ ಅಡಗಿ, ಗ್ಲಾಸನ್ನು ಎಷ್ಟು ತಿರುಗಿಸಿದರೂ ಆ ಬೆಂದ ವಾಸನೆಯೇ ಮೇಲೆ ಬರುವುದನ್ನು ಒಮ್ಮೆ ಮೂಸಿದವರು ಮರೆಯುವುದಿಲ್ಲ. ಆದ್ದರಿಂದ ಕಿಟಕಿಯ ಬಳಿ ಅಲಂಕಾರಕ್ಕೆ ನಿಲ್ಲಿಸಿದ ರೋಸೆಯನ್ನು ನಾನು ಮಾರುವುದಿಲ್ಲ, ಎಲ್ಲಿಯೂ ಕೊಳ್ಳಬೇಡಿ ಎಂದೂ ಹೇಳುತ್ತೇನೆ. ಮಾರುವ ಬಾಟಲಿಗಳು ಪೆಟ್ಟಿಗೆಯಲ್ಲೇ, ಕತ್ತಲಲ್ಲೇ ಇರುತ್ತವೆ.

ಕೆಂಪು ವೈನಿಲ್ಲದೆ ಊಟ ಸೇರದವರೂ ಬೇಸಿಗೆಯಲ್ಲಿ ಬರುತ್ತಾರೆ, ಅವರನ್ನು ಬಿಳಿಯ ಕಡೆಗೆ ಒತ್ತಾಯಿಸುವುದರಲ್ಲಿ ನನಗೆ ನಂಬಿಕೆಯಿಲ್ಲ. ತಂಪು ಒಗರನ್ನೂ ಕಹಿಯನ್ನೂ ಎತ್ತಿ ತೋರಿಸುತ್ತದೆ ಎಂಬುದನ್ನು ನೆನಪಿಟ್ಟರೆ ಆಯ್ಕೆ ತಾನೇ ಸುಲಭವಾಗುತ್ತದೆ: ಗಡುಸಾದ ಕಾಬರ್ನೆ ಸೋವಿನ್ಯೋನನ್ನು ತಣಿಸಿದರೆ ಅದು ಬಾಯನ್ನು ಒಣಗಿಸುತ್ತದೆ, ಒಗರು ಕಡಿಮೆಯಿರುವ ವೈನನ್ನು ತಣಿಸಿದರೆ ಹಣ್ಣು ಹೊಳೆಯುತ್ತದೆ. ಫ್ರಾನ್ಸಿನ ಬೊಜೊಲೆ ಸೀಮೆಯ ಗಾಮೆ ದ್ರಾಕ್ಷಿಯ ವೈನ್ ಈ ಎರಡನೆಯ ಬಗೆಯದು. ಅಲ್ಲಿ ಗೊಂಚಲುಗಳನ್ನು ಜಜ್ಜದೆ ಇಡಿಯಾಗಿ ತೊಟ್ಟಿಗೆ ಹಾಕುತ್ತಾರೆ. ತೊಟ್ಟಿಯಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಾಗ ಹಣ್ಣಿನೊಳಗೇ ಹುದುಗುವಿಕೆ ಶುರುವಾಗುತ್ತದೆ, ಒಗರು ಹೆಚ್ಚು ಬಿಡುವುದಿಲ್ಲ. ಸಿಸಿಲಿಯ ಫ್ರಪ್ಪಾತೊ, ಲ್ವಾರ್ ಕಣಿವೆಯ ಶಿನೋನ್‌ನ ಎಳೆಯ ಕಾಬರ್ನೆ ಫ್ರಾಂಕ್ ಕೂಡ 12ರಿಂದ 14 ಡಿಗ್ರಿಯಲ್ಲಿ ಚೆನ್ನಾಗಿ ಒದಗುತ್ತವೆ.

ಬಾಟಲಿಯನ್ನು ಕೊಡುವಾಗ ತಣಿಸುವ ಕ್ರಮವನ್ನೂ ಹೇಳಿಕಳುಹಿಸುತ್ತೇನೆ. ಬರೀ ಐಸಿನ ನಡುವೆ ನಿಲ್ಲಿಸಿದ ಬಾಟಲಿಗೆ ಐಸು ಅಲ್ಲಲ್ಲಿ ಮಾತ್ರ ತಗುಲುತ್ತದೆ, ಉಳಿದ ಜಾಗದಲ್ಲಿ ಗಾಳಿ. ಅರ್ಧ ಐಸು, ಅರ್ಧ ನೀರು ಹಾಕಿದರೆ ತಣ್ಣೀರು ಬಾಟಲಿಯನ್ನು ಎಲ್ಲ ಕಡೆಯಿಂದಲೂ ತಬ್ಬಿ ಬಿಸಿಯನ್ನು ಹೀರುತ್ತದೆ. ಫ್ರಿಜ್ಜಿನಲ್ಲಿ ಗಂಟೆಗಟ್ಟಲೆ ಹಿಡಿಯುವ ಕೆಲಸ ಇಲ್ಲಿ ಇಪ್ಪತ್ತು ನಿಮಿಷದ ಸುಮಾರಿಗೆ ಮುಗಿಯುತ್ತದೆ. ಒಂದು ಹಿಡಿ ಉಪ್ಪು ಸೇರಿಸಿದರೆ ನೀರು ಸೊನ್ನೆ ಡಿಗ್ರಿಗಿಂತ ಕೆಳಗಿಳಿದು ಇನ್ನೂ ಬೇಗ ಆಗುತ್ತದೆ. ಬಿರಡೆಯವರೆಗೂ ನೀರು ಬರಬೇಕು, ಇಲ್ಲದಿದ್ದರೆ ಮೊದಲ ಗ್ಲಾಸು ಕತ್ತಿನ ಬಳಿಯ ಬೆಚ್ಚಗಿನ ವೈನೇ ಆಗಿರುತ್ತದೆ. ಗ್ಲಾಸನ್ನು ತುಂಬಿಸದೆ ಸ್ವಲ್ಪ ಸ್ವಲ್ಪವೇ ಸುರಿದುಕೊಳ್ಳುವುದು ಲೇಸು. ಪಕ್ಕದಲ್ಲಿ ನೀರಿನ ಲೋಟ ಇರಲೇಬೇಕು. ಮದ್ಯಸಾರ ಮೈಯ ನೀರನ್ನು ಹೊರಹಾಕುತ್ತದೆ, ಸೆಖೆಯಲ್ಲಿ ಬೆವರಿನಿಂದಲೂ ನೀರು ಹೋಗುತ್ತಿರುತ್ತದೆ, ಬಾಯಿಗೆ ಎಷ್ಟೇ ತಂಪೆನಿಸಿದರೂ ವೈನ್ ನೀರಿನ ಬದಲಿಯಲ್ಲ. ಕೊಂಡ ಬಾಟಲಿಯನ್ನು ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ ಎಂಬ ಮಾತನ್ನು ಗಲ್ಲಾದ ಬಳಿ ಮತ್ತೊಮ್ಮೆ ಹೇಳುತ್ತೇನೆ. ಒಳಗಿನ ವೈನ್ ಹಿಗ್ಗಿ ಬಿರಡೆಯನ್ನು ಮೇಲಕ್ಕೆ ತಳ್ಳುತ್ತದೆ, ಹಣ್ಣಿನ ತಾಜಾತನ ಹೋಗಿ ಬೇಯಿಸಿದ ಹಣ್ಣಿನ ರುಚಿ ಬರುತ್ತದೆ, ಆಮೇಲೆ ತಣಿಸಿದರೂ ಅದು ಸರಿಹೋಗದು.

ಇಷ್ಟೆಲ್ಲ ಹಗುರವಾದ ಬಾಟಲಿಗಳ ಕೊನೆಯಲ್ಲಿ ನಾನು ಶೇಕಡಾ 15 ಮದ್ಯಸಾರದ ಮಂಜಾನಿಯಾ ಎಂಬ ಶೆರಿಯನ್ನು (ಮದ್ಯಸಾರ ಬೆರೆಸಿದ ಸ್ಪೇನಿನ ವೈನನ್ನು) ಇಡುವುದನ್ನು ಕಂಡು ಕೆಲವರು ಆಶ್ಚರ್ಯಪಡುತ್ತಾರೆ. ಸ್ಪೇನಿನ ದಕ್ಷಿಣ ತೀರದ ಸಾನ್‌ಲೂಕಾರ್ ದೆ ಬರ್ರಾಮೇದಾದಲ್ಲಿ, ಪೂರ್ತಿ ತುಂಬದ ಪೀಪಾಯಿಗಳಲ್ಲಿ ಅದು ಹದಗೊಳ್ಳುವಾಗ ಯೀಸ್ಟಿನ ಬಿಳಿಯ ಪೊರೆಯೊಂದು ವೈನಿನ ಮೇಲೆ ಹರಡಿಕೊಂಡು ಗಾಳಿಯನ್ನು ತಡೆಯುತ್ತದೆ, ಉಳಿದ ಸಕ್ಕರೆಯನ್ನೂ ಗ್ಲಿಸರಾಲ್ ಅನ್ನೂ ತಿಂದುಬಿಡುತ್ತದೆ. ಇದರಲ್ಲಿ ಹುಳಿ ಹೆಚ್ಚಿಲ್ಲ, ಹುಳಿ ಬೇಕೆಂಬ ನನ್ನ ನಿಯಮಕ್ಕೆ ಇದು ಒಗ್ಗುವುದೂ ಇಲ್ಲ. ಆದರೂ ಸಿಹಿ ಎಳ್ಳಷ್ಟೂ ಇಲ್ಲದ, ಉಪ್ಪಿನ ನೆನಪು ತರುವ ಆ ಒಣ ರುಚಿ ಸೆಖೆಯಲ್ಲಿ ಹಸಿವನ್ನು ಕೆರಳಿಸುವಂತೆ ಬೇರಾವ ವೈನೂ ಕೆರಳಿಸುವುದಿಲ್ಲ. ಊಟಕ್ಕೆ ಮೊದಲು, ಉಪ್ಪು ಹಾಕಿದ ಬಾದಾಮಿಯ ಜೊತೆಗೆ ಒಂದು ಸಣ್ಣ ಗ್ಲಾಸು ಸಾಕು. ಅರ್ಧ ಬಾಟಲಿ ಸಿಕ್ಕರೆ ಅದನ್ನೇ ಕೊಳ್ಳಿ ಎಂದು ಹೇಳುತ್ತೇನೆ, ಏಕೆಂದರೆ ಆ ಪೊರೆಯ ಕಾವಲಿಲ್ಲದ ಮೇಲೆ ಗಾಳಿ ಇದನ್ನು ಬೇಗ ಮಂಕಾಗಿಸುತ್ತದೆ. ಬಿರಡೆ ತೆಗೆದ ಬಾಟಲಿಯನ್ನು ಫ್ರಿಜ್ಜಿನಲ್ಲಿಟ್ಟು ಕೆಲವೇ ದಿನಗಳಲ್ಲಿ ಮುಗಿಸಬೇಕು.