ವಾಪಸ್ ಬಂದ ನವೀಕರಣ ಅರ್ಜಿ ಪಾಸಾಗಿದ್ದು ಹೀಗೆ

ದಾವಣಗೆರೆಯ ನಮ್ಮ ಡೇ ಕೇರ್‌ಗೆ ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳು ಬರುತ್ತಾರೆ. ಈ ಸಲ ಸಂಸ್ಥೆಯ ನೋಂದಣಿ ನವೀಕರಣದ ಅರ್ಜಿ ವಾಪಸ್ ಬಂತು. 'ಸಿಬ್ಬಂದಿ ದಾಖಲೆ ಸರಿಯಿಲ್ಲ' ಅಂತ ಒಂದೇ ಸಾಲು. ಯಾರ ದಾಖಲೆ, ಏನು ಸರಿಯಿಲ್ಲ? ಅದನ್ನು ಬರೆಯುವ ಪುರುಸೊತ್ತು ಯಾರಿಗಿದೆ ಬಿಡಿ.

ಫೈಲ್ ಪೂರ್ತಿ ಹರಡಿಕೊಂಡು ಕೂತೆವು. ಬಾಡಿಗೆ ಕರಾರು, ಆಡಿಟ್ ವರದಿ, ಮಕ್ಕಳ ಯುಡಿಐಡಿ (ಅಂಗವೈಕಲ್ಯದ ಗುರುತಿನ) ಕಾರ್ಡ್ ಎಲ್ಲ ಸರಿಯಾಗಿಯೇ ಇದ್ದವು. ತೊಡಕು ಇದ್ದದ್ದು ವಿಶೇಷ ಶಿಕ್ಷಕಿಯ ಪ್ರಮಾಣಪತ್ರದಲ್ಲಿ. ವಿಶೇಷ ಶಿಕ್ಷಕರು ಮಾಡಿಸಿಕೊಳ್ಳುವ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ನೋಂದಣಿಗೂ ಅವಧಿ ಇರುತ್ತದೆ. ಅದನ್ನು ನವೀಕರಿಸಲು ತರಬೇತಿಗಳಿಗೆ ಹೋಗಿ ಸಿಆರ್‌ಇ (ನಿರಂತರ ಪುನರ್ವಸತಿ ಶಿಕ್ಷಣ) ಅಂಕ ಗಳಿಸಬೇಕು. ಮೇಡಂ ಹತ್ತಿರ ಅಂಕ ಬೇಕಾದಷ್ಟಿತ್ತು, ಹೊಸ ಪ್ರಮಾಣಪತ್ರವೂ ಬಂದಿತ್ತು. ಆದರೆ ಅದರಲ್ಲಿ ತಂದೆಯ ಇನಿಷಿಯಲ್, ಆಧಾರ್‌ನಲ್ಲಿ ಗಂಡನ ಹೆಸರು! ಎರಡೂ ಹೆಸರು ಮೇಡಂ ಒಬ್ಬರದ್ದೇ ಎಂದು ನೋಟರಿ ಅಫಿಡವಿಟ್ ಮಾಡಿಸಿ, ಜೊತೆಗೆ ಲಗತ್ತಿಸಿ ಮತ್ತೆ ಕೊಟ್ಟೆವು. ಪಾಸಾಯಿತು.

ನಮ್ಮನ್ನು ಉಳಿಸಿದ್ದು ಸಮಯ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪ್ರಕಾರ, ಸಂಸ್ಥೆಯ ನೋಂದಣಿ ಅವಧಿ ಮುಗಿಯಲು ಕನಿಷ್ಠ 60 ದಿನ ಇರುವಾಗಲೇ ನವೀಕರಣಕ್ಕೆ ಅರ್ಜಿ ಹಾಕಬೇಕು. ನಾವು ಇನ್ನೂ ಮೊದಲೇ ಹಾಕಿದ್ದೆವು. ಸಂಸ್ಥೆಯ ನೋಂದಣಿ ಪ್ರಮಾಣಪತ್ರದ ಪ್ರತಿಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ಸುಮ್ನೆ ಬೀರುವಿನಲ್ಲಿಟ್ಟರೆ ಆಗಲ್ಲ.