ಜಗಳವಿಲ್ಲದಾಗಲೇ ರಾಜಿಯ ತಾಲೀಮು

ಒಂದೇ ನಂಬಿಕೆಯವರು ಸೇರುವ ಕಡೆ ಜಗಳ ಹುಟ್ಟುವುದು ಹೆಚ್ಚಾಗಿ ದೇವರ ವಿಚಾರಕ್ಕಲ್ಲ. ಮೈಕಿನ ಸದ್ದು, ಬೀಗದ ಕೈ, ಮೊದಲು ಯಾರು ಹಾಡಬೇಕು ಎಂಬಂಥದ್ದಕ್ಕೆ. ನಮ್ಮ ಬಳಗದಲ್ಲಿ ಇಬ್ಬರ ನಡುವೆ ಕೂರುವ ಕೆಲಸ ಸಾಮಾನ್ಯವಾಗಿ ನನ್ನ ಪಾಲಿಗೇ ಬರುತ್ತದೆ. ಬಿಸಿ ಏರಿದ ಮೇಲೆ ಯಾರೂ ಏನೂ ಕಲಿಯುವುದಿಲ್ಲ. ತಣ್ಣಗಿರುವಾಗಲೇ ತಾಲೀಮು ನಡೆಸಬೇಕು.

ಮೂವರು ಸಾಕು. ಇಬ್ಬರು ಜಗಳವಾಡಲಿ, ಒಬ್ಬರು ನಡುವೆ ಕೂರಲಿ. ವಿಷಯ ಸಣ್ಣದಿರಲಿ, ಸದ್ಯಕ್ಕೆ ನಿಜವಾಗಿ ಹೊಗೆಯಾಡುತ್ತಿರುವುದಂತೂ ಬೇಡ. ಎದುರಿನವರು ಹೇಳಿದ್ದನ್ನು ಮೊದಲು ನೀವು ತಿರುಗಿ ಹೇಳಬೇಕು. ಅವರು "ಹೌದು, ಅದೇ" ಅಂದ ಮೇಲಷ್ಟೇ ನಿಮ್ಮ ಉತ್ತರ.

"ಸದ್ದು ಕಡಿಮೆ ಮಾಡಿ ಅನ್ನೋರಿಗೆ ಭಕ್ತಿನೇ ಇಲ್ಲ" ಎಂದು ಒಬ್ಬರು ಶುರು ಮಾಡಿದರು ಅನ್ನಿ. ನಡುವೆ ಕೂತವರು ಭಕ್ತಿಯ ಚರ್ಚೆಗೆ ಇಳಿಯಲೇಬಾರದು. "ಸದ್ದು ಕಡಿಮೆಯಾದ್ರೆ ಏನು ತೊಂದರೆ?" ಎಂದು ಕೇಳಿ. "ಹಿಂದೆ ಕೂತ ವಯಸ್ಸಾದವರಿಗೆ ಕೇಳಿಸಲ್ಲ." ಆಚೆಯವರನ್ನು ಕೇಳಿ. "ಮುಂದೆ ಕೂತ ಮಕ್ಕಳು ಬೆಚ್ಚಿಬೀಳ್ತಾರೆ." ಇನ್ನು ಉಳಿದದ್ದು ಸ್ಪೀಕರ್ ಎಲ್ಲಿಡಬೇಕು ಎಂಬುದಷ್ಟೇ. ಆಮೇಲೆ ಪಾತ್ರ ಅದಲುಬದಲು ಮಾಡಿ. ಹಿರಿಯರು ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಬಿಡಬೇಡಿ, ಅವರಿಗೇ ಇದು ಹೆಚ್ಚು ಬೇಕು.

ಇನ್ನೊಂದು, ನೇರವಾಗಿ ಹೇಳುವ ಅಭ್ಯಾಸ. ಬೈಬಲ್ಲಿನ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಕ್ರಮ ಸ್ಪಷ್ಟ: ತಪ್ಪು ಮಾಡಿದವನಿಗೆ ಮೊದಲು ಒಬ್ಬನೇ ಹೋಗಿ ಹೇಳು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಸಭೆಗೆ ತಿಳಿಸುವುದು ಆಮೇಲೆ. ಬೌದ್ಧ ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯಪಿಟಕ ಜಗಳ ಬಗೆಹರಿಸಲು ಹೇಳುವ 7 ವಿಧಾನಗಳಲ್ಲಿ ಮೊದಲನೆಯದೇ ಸಂಬಂಧಪಟ್ಟವರ ಸಮ್ಮುಖದಲ್ಲಿ ತೀರ್ಮಾನಿಸುವುದು. ಕುರ್‌ಆನ್ (4:35) ಗಂಡಹೆಂಡಿರ ಜಗಳಕ್ಕೆ ಎರಡೂ ಕಡೆಯಿಂದ ಒಬ್ಬೊಬ್ಬ ಮಧ್ಯಸ್ಥನನ್ನು ನೇಮಿಸಲು ಹೇಳುತ್ತದೆ. ನಾವು ಮಾತ್ರ ಊರಿಗೆಲ್ಲ ಹೇಳಿ ಕೊನೆಗೆ ಆ ಮನುಷ್ಯನ ಹತ್ತಿರ ಹೋಗುತ್ತೇವೆ. "ಪಾಪ, ಅವರಿಗಾಗಿ ಪ್ರಾರ್ಥನೆ ಮಾಡಿ" ಎಂದು ಶುರುವಾಗಿ ಪೂರ್ತಿ ಕಥೆ ಹೊರಬರುವುದನ್ನು ನೀವೂ ಕೇಳಿರುತ್ತೀರಿ. ಚಾಡಿಗೆ ಇದಕ್ಕಿಂತ ಮರ್ಯಾದೆಯ ವೇಷ ಇನ್ನೊಂದಿಲ್ಲ. ಯಾರಾದರೂ ದೂರು ತಂದರೆ "ಇದನ್ನ ಅವರಿಗೇ ಹೇಳಿದ್ರಾ?" ಎಂದು ಕೇಳುವುದನ್ನು ರೂಢಿ ಮಾಡಿಕೊಳ್ಳಿ.

"ಕ್ಷಮಿಸಿಬಿಡಿ, ದೇವರು ನೋಡ್ಕೋತಾನೆ" ಎಂದು ಅವಸರಪಡಿಸಬೇಡಿ. ನೊಂದವರ ಬಾಯಿ ಮುಚ್ಚಿಸಿದರೆ ಅದು ರಾಜಿಯಲ್ಲ. ಒಪ್ಪಿದ್ದನ್ನು ಬರೆದಿಡಿ: ಯಾರು, ಏನು, ಯಾವಾಗ. ತಿಂಗಳು ಬಿಟ್ಟು ಮತ್ತೊಮ್ಮೆ ಕೂತು ನೋಡಿ.

ಹೊಡೆತ, ಲೈಂಗಿಕ ಕಿರುಕುಳ, ಮಕ್ಕಳ ಮೇಲಿನ ದೌರ್ಜನ್ಯ, ಹುಂಡಿ ಹಣದ ಕಳವು – ಇವು ರಾಜಿಪಂಚಾಯಿತಿಯ ವಿಷಯಗಳಲ್ಲ. ಬಳಗದ ಹೆಸರು ಕೆಡುತ್ತದೆ ಎಂದು ಯಾರು ಎಷ್ಟೇ ತಡೆದರೂ ಪೊಲೀಸರಿಗೆ ತಿಳಿಸಿ.