ನನ್ನ ಕೋಳಿಗಳ ಕಳ್ಳಮೇವು

ಹಿತ್ತಿಲಿನಲ್ಲಿ ಆರು ಹೇಂಟೆಗಳನ್ನು ಸಾಕಲು ಆರಂಭಿಸಿದ ಮೊದಲ ವರ್ಷ ನನ್ನ ಸಮಯ ಹೆಚ್ಚಾಗಿ ಕಳೆದದ್ದು ಅವುಗಳಿಗೆ ಮೇವು ಹಾಕುವುದರಲ್ಲಲ್ಲ, ತಿನ್ನಬಾರದ ಜಾಗಗಳಿಂದ ಅವುಗಳನ್ನು ಅಟ್ಟುವುದರಲ್ಲಿ. ತೊಟ್ಟಿಯ ತುಂಬ ಮೇವಿದ್ದರೂ ಒಂದು ಬೆಕ್ಕಿನ ತಟ್ಟೆಯ ಬಳಿ ಹೊಂಚು ಹಾಕುತ್ತಿತ್ತು, ಇನ್ನೊಂದು ನೆಟ್ಟು ಮೂರು ದಿನವಾಗದ ಸೊಪ್ಪಿನ ಸಸಿಗಳನ್ನು ಕಿತ್ತೆಳೆಯುತ್ತಿತ್ತು, ಮತ್ತೊಂದು ಗೋಡೆಯ ಸುಣ್ಣವನ್ನು ಕುಕ್ಕಿ ಕುಕ್ಕಿ ಉದುರಿಸುತ್ತಿತ್ತು. ಅಟ್ಟಿದಷ್ಟೂ ಅವು ಹಿಂದಿರುಗಿ ಬರುತ್ತಿದ್ದವು. ಕೊನೆಗೆ ಒಂದು ತಿಂಗಳ ಕಾಲ ಅಟ್ಟುವುದನ್ನು ಬಿಟ್ಟು, ಅಪಾಯಕಾರಿಯಾದವುಗಳನ್ನು ಮಾತ್ರ ಕೈಗೆಟುಕದಂತೆ ಇಟ್ಟು, ಯಾವ ಕೋಳಿ ಯಾವ ಹೊತ್ತಿನಲ್ಲಿ ಏನನ್ನು ಕದ್ದು ತಿನ್ನುತ್ತದೆ ಎಂಬುದನ್ನು ದಿನವೂ ಬರೆದಿಟ್ಟೆ. ಕಳ್ಳಮೇವುಗಳಲ್ಲಿ ಕೆಲವು ಕೋಳಿಯ ದೇಹದ ನಿಜವಾದ ಕೊರತೆಯಿಂದ ಹುಟ್ಟುತ್ತವೆ, ಮತ್ತೆ ಕೆಲವಕ್ಕೆ ಕಣ್ಣಿನ ಸೆಳೆತದ ಹೊರತು ಬೇರೆ ಕಾರಣವೇ ಇರುವುದಿಲ್ಲ ಎಂಬುದು ಆ ಪುಸ್ತಕದಿಂದ ನನಗೆ ತಿಳಿಯಿತು. ಇವೆರಡನ್ನೂ ಬೇರ್ಪಡಿಸಲು ಕಲಿತ ಮೇಲೆಯೇ ನನ್ನ ಕೋಳಿ ಸಾಕಣೆ ಒಂದು ಹದಕ್ಕೆ ಬಂದದ್ದು.

ಸುಣ್ಣದ ವಿಷಯ ಮೊದಲು ಸ್ಪಷ್ಟವಾಯಿತು. ಗೋಡೆಯನ್ನು ಕುಕ್ಕುತ್ತಿದ್ದವು ಆ ವಾರಗಳಲ್ಲಿ ಮೊಟ್ಟೆ ಇಡುತ್ತಿದ್ದ ನಾಲ್ಕು ಹೇಂಟೆಗಳು ಮಾತ್ರ. ಒಂದು ಮೊಟ್ಟೆಯ ಚಿಪ್ಪು ಸುಮಾರು 5ರಿಂದ 6 ಗ್ರಾಂ ತೂಗುತ್ತದೆ, ಅದರಲ್ಲಿ 2 ಗ್ರಾಂನಷ್ಟು ಕ್ಯಾಲ್ಸಿಯಂ ಇರುತ್ತದೆ. ಚಿಪ್ಪು ಕಟ್ಟುವ ಕೆಲಸ ಸುಮಾರು 20 ಗಂಟೆ ಹಿಡಿಯುತ್ತದೆ, ಅದರ ಬಹುಭಾಗ ಕೋಳಿ ಏನನ್ನೂ ತಿನ್ನದ ರಾತ್ರಿಯಲ್ಲೇ ನಡೆಯುತ್ತದೆ. ನಾನು ಹಾಕುತ್ತಿದ್ದುದು ಬರೀ ಕಾಳು ಮತ್ತು ನುಚ್ಚು, ಅವುಗಳಲ್ಲಿ ಸುಣ್ಣದ ಅಂಶ ಅತ್ಯಲ್ಪ. ಕಪ್ಪೆಚಿಪ್ಪಿನ ಚೂರುಗಳನ್ನು ಮೇವಿಗೆ ಬೆರೆಸದೆ ಬೇರೆಯದೇ ಬಟ್ಟಲಿನಲ್ಲಿ ಇಟ್ಟೆ. ಬೆಳಿಗ್ಗೆ ಅದರ ಕಡೆ ಯಾವುದೂ ತಿರುಗಿ ನೋಡಲಿಲ್ಲ. ಸಂಜೆ ಗೂಡು ಸೇರುವ ಮೊದಲು ಮೊಟ್ಟೆ ಇಡುವ ನಾಲ್ಕೂ ಒಂದರ ಹಿಂದೆ ಒಂದು ಬಂದು, ಚೂರುಗಳನ್ನು ಆರಿಸಿ ಆರಿಸಿ ನುಂಗಿದವು. ಮೊಟ್ಟೆ ನಿಲ್ಲಿಸಿದ್ದ ಎರಡು ಹತ್ತಿರವೂ ಬರಲಿಲ್ಲ. ವಾರ ಕಳೆಯುವುದರೊಳಗೆ ಗೋಡೆಯ ಹಂಬಲ ಅವುಗಳಿಗೆ ಬಿಟ್ಟುಹೋಯಿತು. ಅಂದಿನಿಂದ ಸುಣ್ಣವನ್ನು ಅಳೆದು ಮೇವಿಗೆ ಬೆರೆಸುವ ಗೋಜಿಗೆ ನಾನು ಹೋಗಿಲ್ಲ. ಎಷ್ಟು ಬೇಕೆಂಬುದು ನನಗಿಂತ ಅವುಗಳಿಗೇ ಚೆನ್ನಾಗಿ ಗೊತ್ತಿದೆ.

ಆದರೆ ಅದೇ ಕೊರತೆಯ ದಿನಗಳಲ್ಲಿ ಕರಿ ಹೇಂಟೆಯೊಂದು ತೆಳುಚಿಪ್ಪಿನ ಮೊಟ್ಟೆ ಒಡೆದಾಗ ಅದರ ರುಚಿ ಕಂಡಿತ್ತು. ಸುಣ್ಣದ ಕೊರತೆ ನೀಗಿದ ಮೇಲೂ ಆ ಚಟ ನಿಲ್ಲಲಿಲ್ಲ. ಮೊಟ್ಟೆಯ ಗೂಡಿಗೆ ದಪ್ಪ ಬಟ್ಟೆಯ ಪರದೆ ಕಟ್ಟಿ ಒಳಗೆ ಕತ್ತಲಾಗುವಂತೆ ಮಾಡಿದೆ, ದಿನಕ್ಕೆ ಮೂರು ಸಲ ಮೊಟ್ಟೆ ಎತ್ತಿದೆ, ಪಿಂಗಾಣಿಯ ಎರಡು ಮೊಟ್ಟೆಗಳನ್ನು ಒಳಗಿಟ್ಟೆ. ಕರಿ ಹೇಂಟೆ ಆ ಪಿಂಗಾಣಿಯನ್ನು ಹಲವು ದಿನ ಕುಕ್ಕಿ, ಫಲ ಸಿಗದೆ, ಮೂರನೆಯ ವಾರದಲ್ಲಿ ಸುಮ್ಮನಾಯಿತು. ಕೊರತೆ ಹುಟ್ಟಿಸಿದ ಅಭ್ಯಾಸ ಕೊರತೆ ತೀರಿದ ಮೇಲೂ ಉಳಿಯಬಲ್ಲದು, ಆದುದರಿಂದ ಮೊದಲ ತೆಳುಚಿಪ್ಪು ಕಂಡ ದಿನವೇ ಎಚ್ಚರಗೊಳ್ಳಬೇಕು. ಚಿಪ್ಪನ್ನು ಕೋಳಿಗೇ ಹಾಕುವವರು ಒಣಗಿಸಿ, ಮೊಟ್ಟೆಯ ಗುರುತು ಸಿಗದಷ್ಟು ಸಣ್ಣಗೆ ಪುಡಿ ಮಾಡಿ ಹಾಕುವುದು ಒಳ್ಳೆಯದು.

ಬೆಕ್ಕಿನ ತಟ್ಟೆಯ ಕಳ್ಳತನ ಅತಿಯಾದದ್ದು ಗರಿ ಉದುರುವ ಕಾಲದಲ್ಲಿ. ಗರಿಯ ಬಹುಪಾಲು ಪ್ರೋಟೀನೇ ಆಗಿರುವುದರಿಂದ ಹೊಸ ಗರಿ ಹುಟ್ಟಿಸಿಕೊಳ್ಳುವ ಕೋಳಿ ಮಾಂಸಾಹಾರವನ್ನು ಹುಡುಕಿಕೊಂಡು ಹೋಗುತ್ತದೆ; ಉದುರಿದ ಗರಿಯನ್ನೇ ಎತ್ತಿ ನುಂಗುವುದನ್ನೂ ನಾನು ಕಂಡಿದ್ದೇನೆ. ಆ ವಾರಗಳಲ್ಲಿ ಬೇಯಿಸಿ ಹಿಸುಕಿದ ಮೊಟ್ಟೆ, ಗೊಬ್ಬರದ ರಾಶಿಯ ಹುಳು ಹಾಕುತ್ತೇನೆ, ಕಾಳಿನ ಪಾಲನ್ನು ಕಡಿಮೆ ಮಾಡುತ್ತೇನೆ. ಬೆಕ್ಕಿನ ತಟ್ಟೆಯನ್ನು ಮಾತ್ರ ಎತ್ತರದ ಕಟ್ಟೆಗೆ ಸಾಗಿಸಬೇಕಾಯಿತು.

ನನ್ನ ಪುಸ್ತಕದಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಬರೆದಿದ್ದ ಹೆಸರು ಬೂದಿ ಎಂಬ ಹೇಂಟೆಯದು. ಅದನ್ನು ಬಹಳ ದಿನ ಆಸೆಬುರುಕ ಕೋಳಿ ಎಂದೇ ತಿಳಿದಿದ್ದೆ. ಒಂದು ಬೆಳಿಗ್ಗೆ ತೊಟ್ಟಿಯ ಬಳಿ ಕುಳಿತು ನೋಡಿದಾಗ, ಬೂದಿ ಕತ್ತು ಚಾಚಿದಾಗಲೆಲ್ಲ ಕೆಂಪಿ ಅದರ ತಲೆಗೆ ಕುಕ್ಕುತ್ತಿತ್ತು. ಬೂದಿ ನಾಲ್ಕು ಹೆಜ್ಜೆ ಹಿಂದೆ ಸರಿದು, ಅಲ್ಲಿಂದ ನೇರವಾಗಿ ಸೊಪ್ಪಿನ ಮಡಿಗೆ ನಡೆಯುತ್ತಿತ್ತು. ಹಿಂಡಿನಲ್ಲಿ ಕೊನೆಯ ಸ್ಥಾನದ ಆ ಕೋಳಿ ಹಸಿದೇ ಕದಿಯುತ್ತಿತ್ತು. ಮೊದಲನೆಯದು ಕಾಣದಂತೆ ಗೂಡಿನ ಮೂಲೆಯಾಚೆ ಎರಡನೆಯ ತೊಟ್ಟಿ ಇಟ್ಟೆ, ಮಡಿಯ ಲೂಟಿ ಅರ್ಧಕ್ಕಿಂತ ಕಡಿಮೆಯಾಯಿತು.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಕೋಳಿಯ ಹಸಿವನ್ನು ನಂಬಬಹುದು. ನಂಬಲಾಗದ ಹಸಿವನ್ನು ನನಗೆ ತೋರಿಸಿದ್ದು ಥರ್ಮೋಕೋಲ್. ಪೆಟ್ಟಿಗೆಯೊಂದನ್ನು ಬಿಚ್ಚುವಾಗ ಚೂರೊಂದು ಅಂಗಳಕ್ಕೆ ಬಿತ್ತು. ಬೂದಿ ಅದನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಓಡಿತು, ಓಡುವುದನ್ನು ಕಂಡ ಐದೂ ಬೆನ್ನಟ್ಟಿದವು, ಬಾಯಿಂದ ಬಾಯಿಗೆ ಹಾರಿದ ಆ ಚೂರು ಕಣ್ಣೆದುರೇ ಆರು ಪಾಲಾಗಿ ಹೊಟ್ಟೆ ಸೇರಿತು. ಅದರಲ್ಲಿ ಅವುಗಳಿಗೆ ಬೇಕಾದದ್ದು ಏನೂ ಇಲ್ಲ. ಕೋಳಿ ಮೇವನ್ನು ಆರಿಸುವುದು ಮುಖ್ಯವಾಗಿ ಕಣ್ಣಿನಿಂದ. ನಮಗೆ ಕಾಣದ ಅತಿನೇರಳೆ ಬಣ್ಣವೂ ಅದಕ್ಕೆ ಕಾಣುತ್ತದೆ. ರುಚಿಯ ಮೊಗ್ಗುಗಳಾದರೋ ನಮಗೆ ಸಾವಿರಗಟ್ಟಲೆ ಇದ್ದರೆ ಅದಕ್ಕೆ ಕೆಲವು ನೂರು ಮಾತ್ರ. ಸಿಹಿಯನ್ನು ಗುರುತಿಸುವ ಶಕ್ತಿ ಅದಕ್ಕಿಲ್ಲ, ಮೆಣಸಿನಕಾಯಿಯ ಖಾರ ಅದಕ್ಕೆ ತಾಗುವುದೂ ಇಲ್ಲ. ಹಲ್ಲಿಲ್ಲದ ಕಾರಣ ಅಗಿದು ಸವಿಯುವ ಅವಕಾಶವೇ ಇಲ್ಲದೆ ಸಿಕ್ಕಿದ್ದು ಇಡಿಯಾಗಿ ಇಳಿದುಹೋಗುತ್ತದೆ. ಇಂಥ ಪ್ರಾಣಿಗೆ ವಿಷ ಯಾವುದೆಂದು ತಾನಾಗಿಯೇ ತಿಳಿಯುತ್ತದೆ ಎಂದು ಭರವಸೆಯಿಂದ ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ.

ಆದ್ದರಿಂದ ಹಸಿರಾದ ಆಲೂಗಡ್ಡೆಯ ಸಿಪ್ಪೆ, ಬೆಣ್ಣೆಹಣ್ಣಿನ ಸಿಪ್ಪೆ, ಓಟೆ ಮತ್ತು ಎಲೆ, ಬೇಯಿಸದ ರಾಜ್ಮಾ ಕಾಳು, ಚಾಕೊಲೇಟು, ಉಪ್ಪು ಹೆಚ್ಚಿದ ಎಂಜಲು, ಇವು ನನ್ನ ಅಂಗಳಕ್ಕೆ ಬರುವುದೇ ಇಲ್ಲ. ಬೂಷ್ಟು ಹಿಡಿದ ಕಾಳಿನ ಬಗ್ಗೆ ಇನ್ನೂ ಕಟ್ಟುನಿಟ್ಟಾಗಿದ್ದೇನೆ. ಅದರಲ್ಲಿ ಹುಟ್ಟಬಹುದಾದ ಅಫ್ಲಟಾಕ್ಸಿನ್ ಎಂಬ ವಿಷ ಯಕೃತ್ತನ್ನು ಹಾಳು ಮಾಡುತ್ತದೆ, ತೊಳೆದರೂ ಬೇಯಿಸಿದರೂ ಹೋಗುವುದಿಲ್ಲ. ಮನುಷ್ಯರಿಗೆ ಆಗದ ಕಾಳನ್ನು ಕೋಳಿಗೆ ಹಾಕಿದರಾಯಿತು ಎಂಬ ಮಾತು ತಪ್ಪು.

ಈಗಿನ ಕ್ರಮ ಸರಳವಾಗಿದೆ. ಪ್ರತಿ ಹೇಂಟೆಗೆ ದಿನಕ್ಕೆ 110ರಿಂದ 120 ಗ್ರಾಂ ಲೆಕ್ಕದಲ್ಲಿ ಮೊಟ್ಟೆ ಕೋಳಿಯ ಸಮತೋಲಿತ ಮೇವನ್ನು ಬೆಳಿಗ್ಗೆ ಗೂಡಿನೊಳಗೇ ತೊಟ್ಟಿಗಳಿಗೆ ತುಂಬಿ, ಅವು ಹೊಟ್ಟೆ ತುಂಬಿಸಿಕೊಂಡ ಮೇಲೆಯೇ ಬಾಗಿಲು ತೆರೆಯುತ್ತೇನೆ. ಅಡುಗೆಮನೆಯ ಚೂರುಪಾರು ದಿನದ ಮೇವಿನ ಹತ್ತನೆಯ ಒಂದು ಪಾಲನ್ನು ಮೀರದಂತೆ ಮಧ್ಯಾಹ್ನದ ನಂತರ ಹಾಕುತ್ತೇನೆ. ತುಂಬಿದ ತೊಟ್ಟಿಯಿದ್ದರೂ ಕೋಳಿಗೆ ಕೆದಕಿ ಹುಡುಕಿದ್ದೇ ಇಷ್ಟ. ಆದುದರಿಂದ ಒಂದು ಹಿಡಿ ಕಾಳನ್ನು ಒಣ ಎಲೆಗಳ ರಾಶಿಯಲ್ಲಿ ಎರಚಿಬಿಡುತ್ತೇನೆ, ಸೊಪ್ಪಿನ ಮಡಿಯ ಬದಲು ಆ ರಾಶಿ ಕೆದಕಿಸಿಕೊಳ್ಳುತ್ತದೆ.

ಕತ್ತಲಾದ ಮೇಲೆ ಗೂಡಿನ ಅಡ್ಡಗೋಲಿನ ಮೇಲೆ ಕುಳಿತ ಒಂದೊಂದರ ಎದೆಯನ್ನೂ ಮೆಲ್ಲಗೆ ಮುಟ್ಟಿ ನೋಡುತ್ತೇನೆ. ಬಲಬದಿಗೆ ಉಬ್ಬಿರುವ ಮೇವಿನ ಚೀಲ ಆ ಹೊತ್ತಿಗೆ ತುಂಬಿ, ಒತ್ತಿದರೆ ಒಳಗೆ ಸರಿಯುವಂತಿರಬೇಕು, ಬೆಳಗಾಗುವಷ್ಟರಲ್ಲಿ ಬರಿದಾಗಿರಬೇಕು. ಒಮ್ಮೆ ಉದ್ದನೆಯ ಹುಲ್ಲನ್ನು ಸಿಂಬಿ ಸಿಂಬಿಯಾಗಿ ನುಂಗಿದ್ದ ಕೆಂಪಿಯ ಚೀಲ ಬೆಳಿಗ್ಗೆಯೂ ಗಟ್ಟಿಯಾಗಿಯೇ ಇತ್ತು, ಅದೇ ದಿನ ಪಶುವೈದ್ಯರಲ್ಲಿಗೆ ಒಯ್ದದ್ದರಿಂದ ಉಳಿಯಿತು. ಅಂದಿನಿಂದ ಹಿತ್ತಿಲ ಹುಲ್ಲನ್ನು ನಾಲ್ಕು ಬೆರಳಿಗಿಂತ ಎತ್ತರ ಬೆಳೆಯಲು ಬಿಟ್ಟಿಲ್ಲ.